ನನ್ನ ಶಿಳ್ಳೆಗೆ ನಿಂತ ಆಟ

ಜಪಾನಿನಿಂದ ವಾಪಸಾದ ಮೇಲೆ ನಮ್ಮ ಹೈಸ್ಕೂಲಿನ ಸ್ಟಾಫ್ ರೂಮಿನಲ್ಲಿ ಎಲ್ಲರೂ ಕೇಳಿದ್ದು ಬುಲೆಟ್ ಟ್ರೈನಿನ ಬಗ್ಗೆ, ಫ್ಯೂಜಿ ಪರ್ವತದ ಬಗ್ಗೆ, ಹಸಿ ಮೀನಿನ ಬಗ್ಗೆ. ಮೂರಕ್ಕೂ ಚುಟುಕಾಗಿ ಉತ್ತರ ಕೊಟ್ಟು ಪಾರಾದೆ. ಹೇಳಬೇಕಾದ್ದನ್ನು ಯಾರಿಗೂ ಹೇಳಲಿಲ್ಲ. ಅಲ್ಲಿ ಒಂದು ಕಾಲೇಜಿನ ಐಸ್ ಹಾಕಿ ತಂಡ ಇತ್ತು. ಅದರದೇ ಊರಿನ ರಿಂಕಿನಲ್ಲಿ, ಅಂದರೆ ಮಂಜುಗಡ್ಡೆಯ ಅಂಕಣದಲ್ಲಿ, ಅದರ ಅಭಿಮಾನಿಗಳ ಸಾಲಿನಲ್ಲೇ ಕೂತು, ನಾನು ಅದನ್ನು ಸೋಲಿಸಿಬಿಟ್ಟೆ. ಬಾಯಿ ಬಿಟ್ಟು ಹೇಳಲು ನಾಚಿಕೆ. ಬರೆಯಲೂ ನಾಚಿಕೆಯೇ, ಆದರೆ ಬರೆಯುವಾಗ ಎದುರಿಗೆ ಯಾರ ಮುಖವೂ ಇರುವುದಿಲ್ಲ.

ಕಾಶಿವಾ, ಮೊದಲ ವಾರಗಳು

ನನ್ನ ಗಂಡ ಮುರಳಿ ಜಪಾನಿನ ಕಾಶಿವಾ ಎಂಬ ಊರಿನ ಲ್ಯಾಬ್ ಸೇರಿದ್ದು ೨೦೨೦ರ ಶುರುವಿನಲ್ಲಿ. ಬೇಸಿಗೆ ರಜೆಗೆ ನಾನು ಹೋಗುವುದೆಂದು ಮಾತಾಗಿತ್ತು. ಅಷ್ಟರಲ್ಲಿ ಕೊರೊನಾ ಬಂತು, ಜಪಾನ್ ಬಾಗಿಲು ಹಾಕಿಕೊಂಡಿತು, ನಮ್ಮ ಸಂಸಾರ ಎರಡೂವರೆ ವರ್ಷ ಫೋನಿನೊಳಗೆ ನಡೆಯಿತು. ೨೦೨೨ರ ಅಕ್ಟೋಬರಿನಲ್ಲಿ ಪ್ರವಾಸಿಗರನ್ನು ಒಳಗೆ ಬಿಡುತ್ತಾರಂತೆ ಎಂದು ಗೊತ್ತಾದ ದಿನವೇ ಹೆಡ್‌ಮಿಸ್ಸಿನ ಮುಂದೆ ನಿಂತು ಐದು ವಾರ ರಜೆ ಗಿಟ್ಟಿಸಿಕೊಂಡೆ. ನವೆಂಬರಿನಲ್ಲಿ ಹೊರಟೆ.

ನಾನು ಗಣಿತದ ಟೀಚರ್. ಹದಿನಾಲ್ಕು ವರ್ಷದಿಂದ ಕೊನೆಯ ಬೆಂಚಿಗೆ ಕೇಳಿಸುವಂತೆ ಮಾತಾಡಿ ಮಾತಾಡಿ ನನ್ನ ಗಂಟಲಿಗೆ ಸಣ್ಣ ದನಿಯೇ ಮರೆತುಹೋಗಿದೆ. ಇದು ತೊಂದರೆಯ ವಿಷಯ ಎಂದು ಗೊತ್ತಾದದ್ದು ಕಾಶಿವಾದ ಬಸ್ಸಿನಲ್ಲಿ. ಮೂವತ್ತು ಜನರಿದ್ದರೂ ಇಂಜಿನ್ನಿನದೊಂದೇ ಸದ್ದು. ಎಲ್ಲರ ಮುಖದ ಮೇಲೂ ಮಾಸ್ಕು. ನಾನು ಅತ್ತೆಯ ಮಂಡಿನೋವಿನ ಸಮಾಚಾರ ಹೇಳುತ್ತಿದ್ದೆ.

“ಜ್ಯೋತಿ, ವಾಲ್ಯೂಮ್ ಸ್ವಲ್ಪ ಕಮ್ಮಿ ಮಾಡೇ” ಅಂದ ಮುರಳಿ, ಕಿವಿಯ ಹತ್ತಿರ ಬಂದು. “ಅಮ್ಮನ ಮಂಡಿ ವಿಷಯ ಈಗ ಇಡೀ ಬಸ್ಸಿಗೆ ಗೊತ್ತಾಯ್ತು.”

“ಇವರಿಗೆ ಕನ್ನಡ ಬರುತ್ತಾ?”

“ಬರಲ್ಲ. ಅದಕ್ಕೇ ಇನ್ನೂ ಭಯ ಬೀಳ್ತಾರೆ.”

ಬಯ್ಯುವವರು ಯಾರೂ ಇರಲಿಲ್ಲ. ತಿರುಗಿ ಸಹ ನೋಡುತ್ತಿರಲಿಲ್ಲ. ನಮ್ಮಲ್ಲಾದರೆ ಮುಂದಿನ ಸೀಟಿನ ಅಜ್ಜಿ “ಏನಮ್ಮಾ, ಮೆಲ್ಲಗೆ ಮಾತಾಡು” ಅಂದುಬಿಡುತ್ತಿದ್ದರು, ನಾನು ಮೆಲ್ಲಗಾಗುತ್ತಿದ್ದೆ, ಐದು ನಿಮಿಷದಲ್ಲಿ ಆ ಅಜ್ಜಿಯ ಮಂಡಿಯ ಕಥೆಯನ್ನೂ ಕೇಳಿರುತ್ತಿದ್ದೆ. ಇಲ್ಲಿ ತಪ್ಪು ಮಾಡಿದೆನೋ ಇಲ್ಲವೋ ಎಂದು ಗೊತ್ತಾಗುವುದೇ ಇಲ್ಲ. ಅದು ನನಗೆ ಮೊದಲ ದಿನದಿಂದಲೂ ಇರಿಸುಮುರಿಸು.

ಸವಾದಾ ಸಾನ್ ಅವರ ಹೆಸರು, ಸಾನ್ ಎಂದರೆ ನಮ್ಮ ‘ಅವರು’ ಇದ್ದ ಹಾಗೆ, ನನಗೆ ಬೆಂಗಳೂರಿನಲ್ಲಿದ್ದಾಗಲೇ ಗೊತ್ತಿತ್ತು. ಮುರಳಿಯ ಲ್ಯಾಬಿನಲ್ಲಿ ಕೊನೆಯ ವರ್ಷದ ಪ್ರಾಜೆಕ್ಟ್ ಮಾಡುತ್ತಿದ್ದ ವಿದ್ಯಾರ್ಥಿ, ಕಾಲೇಜಿನ ಐಸ್ ಹಾಕಿ ತಂಡದ ಗೋಲಿ, ಅಂದರೆ ಗೋಲ್‌ಕೀಪರ್. ಆ ವರ್ಷದ ಜುಲೈನಲ್ಲಿ ಮುರಳಿಗೆ ಕೋವಿಡ್ ಬಂದು ಹತ್ತು ದಿನ ಒಂಟಿಯಾಗಿ ರೂಮಿನಲ್ಲಿ ಬಿದ್ದುಕೊಂಡಿದ್ದಾಗ ದಿನಾ ಬೆಳಗ್ಗೆ ಬಾಗಿಲ ಹಿಡಿಗೆ ಒಂದು ಚೀಲ ನೇತಾಡುತ್ತಿತ್ತು. ಬಿಸಿ ಮಾಡಿದರೆ ಸಾಕೆನ್ನುವ ಅನ್ನದ ಪೊಟ್ಟಣ, ಮೊಸರು, ಬಾಳೆಹಣ್ಣು. ಜಪಾನಿನಲ್ಲಿ ಸಸ್ಯಾಹಾರಿಗೆ ಕೊಂಬಿನಿ ಎನ್ನುವ ಸಣ್ಣ ದಿನಸಿ ಅಂಗಡಿಯಲ್ಲಿ ಏನಾದರೂ ಕೊಳ್ಳುವುದು ಸುಲಭವಲ್ಲ, ಎಲ್ಲದರೊಳಗೂ ಮೀನಿನ ರಸ ಅಡಗಿರುತ್ತದೆ. ಸವಾದಾ ಸಾನ್ ಪ್ರತಿ ಪೊಟ್ಟಣದ ಹಿಂದಿನ ಸಣ್ಣಕ್ಷರ ಓದಿ, ಹಸಿರು ಪೆನ್ನಿನಲ್ಲಿ “ನೋ ಫಿಶ್” ಎಂದು ಬರೆದು ತರುತ್ತಿದ್ದರು. ಒಮ್ಮೆಯೂ ಬಾಗಿಲು ತಟ್ಟಲಿಲ್ಲ. ನಾನು ರಾಜಾಜಿನಗರದಲ್ಲಿ ಕೂತು ಅಳುತ್ತಿದ್ದ ದಿನಗಳಲ್ಲಿ ನನ್ನ ಗಂಡನಿಗೆ ಊಟ ತಲುಪಿಸಿದವರು ಅವರು.

ಹಾಗಾಗಿ ಐಸ್ ಹಾಕಿ ಎಂದರೇನೆಂದು ತಿಳಿಯುವ ಮೊದಲೇ ನಾನು ಆ ತಂಡದ ಅಭಿಮಾನಿಯಾಗಿದ್ದೆ. ತಂಡದ ಬಣ್ಣ ನೀಲಿ ಎಂದು ಕೇಳಿ ನೀಲಿ ಸ್ಕಾರ್ಫ್ ಕೊಂಡೆ. ಎರಡು ಪ್ರಾಕ್ಟೀಸಿಗೆ ಹೋಗಿ ಕೂತು ಆಟ ಕಲಿತೆ. ಕಬಡ್ಡಿಯಷ್ಟು ಮೈಗೆ ಮೈ ತಾಗುವ ಆಟ, ಆದರೆ ಚಪ್ಪಟೆ ರಬ್ಬರ್ ಬಿಲ್ಲೆಯೊಂದು ಮಂಜುಗಡ್ಡೆಯ ಮೇಲೆ ಕಣ್ಣಿಗೆ ಸಿಗದಷ್ಟು ಜೋರಾಗಿ ಓಡುತ್ತದೆ. ಆ ಬಿಲ್ಲೆಗೆ ಪಕ್ ಎನ್ನುತ್ತಾರೆ. ಗೋಲಿ ಅದನ್ನು ಕೈಯಿಂದಲೋ ಮೈಯಿಂದಲೋ ಮುಚ್ಚಿ ಹಿಡಿದರೆ ರೆಫರಿ ವಿಸಿಲ್ ಊದುತ್ತಾನೆ, ಆಟ ನಿಲ್ಲುತ್ತದೆ. ಈ ಒಂದು ನಿಯಮ ನೆನಪಿಡಿ. ನನಗೂ ಗೊತ್ತಿತ್ತು, ಬೇಕಾದ ಹೊತ್ತಿಗೆ ನೆನಪಾಗಲಿಲ್ಲ ಅಷ್ಟೆ.

ರಿಂಕ್, ಭಾನುವಾರ ಮಧ್ಯಾಹ್ನ

ಡಿಸೆಂಬರ್ ಮೊದಲ ಭಾನುವಾರ ಲೀಗಿನ ಕೊನೆಯ ಪಂದ್ಯ. ಸವಾದಾ ಸಾನ್ ಸೇರಿ ನಾಲ್ಕನೇ ವರ್ಷದವರಿಗೆಲ್ಲ ಕಾಲೇಜಿನ ಕೊನೆಯ ಆಟ. ಸೋತರೆ ತಂಡ ಕೆಳಗಿನ ದರ್ಜೆಗೆ ಇಳಿಯುತ್ತದೆ, ಡ್ರಾ ಆದರೂ ಉಳಿಯುತ್ತದೆ. ಕೊರೊನಾದಿಂದ ಇವರ ಎರಡು ಸೀಸನ್ ಹಾಳಾಗಿತ್ತು. ಇದ್ದ ಒಂದು ದರ್ಜೆಯನ್ನು ಕಿರಿಯರಿಗೆ ಉಳಿಸಿಕೊಟ್ಟು ಹೋಗಬೇಕೆಂಬುದೇ ಅವರ ಆಸೆ ಎಂದು ಮುರಳಿ ದಾರಿಯಲ್ಲಿ ಹೇಳಿದ್ದ.

ಬಾಗಿಲಲ್ಲಿ ಹಣೆಗೆ ಥರ್ಮಾಮೀಟರ್ ತೋರಿಸಿ, ಹೆಸರು ಬರೆಸಿ, ಒಂದು ಚೀಟಿ ಕೊಟ್ಟರು. ಪೂರ್ತಿ ಜಪಾನಿಯಲ್ಲಿತ್ತು, ಆದರೆ ಚಿತ್ರಗಳಿದ್ದವು. ಬಾಯಿ ತೆರೆದ ಮುಖಕ್ಕೆ ಕೆಂಪು ಅಡ್ಡಗೆರೆ. ಊಟದ ಡಬ್ಬಿಗೆ ಅಡ್ಡಗೆರೆ. ಕೈ ಕೈ ತಟ್ಟಿಕೊಳ್ಳುವ ಇಬ್ಬರಿಗೆ ಅಡ್ಡಗೆರೆ. ಚಪ್ಪಾಳೆಗೆ ಮಾತ್ರ ನೀಲಿ ವೃತ್ತ.

“ಕೂಗೋ ಹಾಗಿಲ್ಲ, ಕ್ಲಾಪ್ ಮಾತ್ರ” ಅಂದ ಮುರಳಿ. “ಅರ್ಥ ಆಯ್ತಲ್ಲ? ಪ್ರಾಮಿಸ್ ಮಾಡು.”

“ಒಂದನೇ ಕ್ಲಾಸ್ ಮಗೂಗೆ ಹೇಳಿದ ಹಾಗೆ ಹೇಳ್ತೀಯಲ್ಲ. ಕೂಗಲ್ಲ, ಬಿಡು.”

ಒಂದು ಸೀಟು ಬಿಟ್ಟು ಒಂದು ಸೀಟಿನಲ್ಲಿ ಜನ. ಇನ್ನೂರು ಮಂದಿ ಇದ್ದರೇನೋ. ಆಟಗಾರರ ಅಪ್ಪ ಅಮ್ಮಂದಿರು, ಹಳೆಯ ವಿದ್ಯಾರ್ಥಿಗಳು. ಬೆಂಗಳೂರಿನಲ್ಲಿ ಕ್ರಿಕೆಟ್ ನೋಡಲು ಹೋದರೆ ಪಕ್ಕದವರ ತುತ್ತೂರಿಗೆ ಎರಡು ದಿನ ಕಿವಿ ಕೇಳಿಸುವುದಿಲ್ಲ. ಇಲ್ಲಿ ಸ್ಕೇಟಿನ ಅಲಗು ಮಂಜು ಕೊರೆಯುವ ಸದ್ದು, ಪಕ್ ಮರದ ಗೋಡೆಗೆ ಬಡಿಯುವ ಸದ್ದು, ಆಟಗಾರರ ಉಸಿರು ಸಹ ಕೇಳುತ್ತಿತ್ತು. ಗೋಲು ಬಿದ್ದರೆ ಚಪ್ಪಾಳೆ. ಗೋಲು ತಪ್ಪಿದರೆ ಅದಕ್ಕಿಂತ ಸ್ವಲ್ಪ ಕಡಿಮೆ ಚಪ್ಪಾಳೆ. ನನ್ನ ಆಚೆಯ ಸೀಟಿನಲ್ಲಿ ನೀಲಿ ಟೋಪಿ ಹಾಕಿದ ಒಬ್ಬ ಯಜಮಾನರು ಕೂತಿದ್ದರು. ನಮ್ಮವರು ಮುನ್ನುಗ್ಗಿದಾಗಲೆಲ್ಲ ಅವರ ಎರಡು ಮುಷ್ಟಿಯೂ ಬಿಗಿಯಾಗುತ್ತಿದ್ದವು, ಆದರೆ ಮಾಸ್ಕಿನೊಳಗಿಂದ ಚಕಾರವಿಲ್ಲ. ನನಗೆ ಅವರನ್ನು ನೋಡಿಯೇ ಉಸಿರು ಕಟ್ಟುತ್ತಿತ್ತು.

ಮೂರನೇ ಪೀರಿಯಡ್

ಎರಡಕ್ಕೆ ಎರಡು. ಈ ಕೊನೆಯ ಪೀರಿಯಡ್ ಮುಗಿಯಲು ಇನ್ನು ನಾಲ್ಕು ನಿಮಿಷವಿತ್ತು. ರಿಂಕಿನ ಚಳಿಗೆ ನನ್ನ ಹಲ್ಲು ಕಟಕಟ ಅನ್ನುವುದನ್ನು ನೋಡಿ ಮುರಳಿ ಹೊರಗಿನ ಮೆಷಿನ್ನಿನಿಂದ ಬಿಸಿ ಕಾರ್ನ್ ಸೂಪಿನ ಡಬ್ಬಿ ತರಲು ಎದ್ದು ಹೋದ.

ಎದುರಾಳಿಗಳು ಒಟ್ಟಾಗಿ ನುಗ್ಗಿ ಬಂದರು. ಮೊದಲ ಹೊಡೆತವನ್ನು ಸವಾದಾ ಸಾನ್ ಕಾಲಿನಿಂದ ತಡೆದರು. ವಾಪಸ್ ಹೋದ ಪಕ್ಕನ್ನು ಇನ್ನೊಬ್ಬ ಮೂಲೆಗೆ ಬಾರಿಸಿದ. ಅದು ಗೋಲೇ, ಸಂಶಯವಿಲ್ಲ ಅಂದುಕೊಂಡೆ. ಅಷ್ಟು ದಪ್ಪ ಕವಚ ತೊಟ್ಟ ಮನುಷ್ಯ ಅಡ್ಡಡ್ಡ ಹಾರಿ ಗ್ಲೌಸ್ ಚಾಚಿ ಅದನ್ನು ನೆಲಕ್ಕೆ ಬೀಳಿಸಿದರು.

ನಾನು ಕೂಗಲಿಲ್ಲ. ಮಾತು ಕೊಟ್ಟಿದ್ದೆನಲ್ಲ. ಮಾಸ್ಕನ್ನು ಗದ್ದಕ್ಕೆ ಇಳಿಸಿ, ಎರಡು ಬೆರಳು ಬಾಯಿಗಿಟ್ಟು ಶಿಳ್ಳೆ ಹೊಡೆದೆ.

ಈ ಶಿಳ್ಳೆಯ ಬಗ್ಗೆ ಹೇಳಿಬಿಡುತ್ತೇನೆ. ಹತ್ತು ವರ್ಷದವಳಿದ್ದಾಗ ಗಾಂಧಿನಗರದ ಟಾಕೀಸಿನ ಮುಂದಿನ ಸಾಲಿನಲ್ಲಿ ಕೂತು ನನ್ನ ಸೋದರಮಾವ ಕಲಿಸಿದ್ದು. ಹೀರೋ ತೆರೆಯ ಮೇಲೆ ಕಾಲಿಟ್ಟಾಗ ಹೊಡೆಯಲು. ಅಮ್ಮ ಬೈದರು, ನಾನು ಬಿಡಲಿಲ್ಲ. ಈಗ ಸ್ಕೂಲ್ ಡೇ ದಿನ ಮೈದಾನದಲ್ಲಿ ನಾನೂರು ಮಕ್ಕಳು ಗಲಾಟೆ ಮಾಡುತ್ತಿದ್ದರೆ ಪಿ.ಟಿ. ಮೇಷ್ಟ್ರು ತಮ್ಮ ವಿಸಿಲ್ ಜೇಬಿಗಿಟ್ಟು ನನ್ನನ್ನು ಕರೆಯುತ್ತಾರೆ. ಅಷ್ಟು ಚೂಪು, ಅಷ್ಟು ನೇರ. ಅದರ ಬಗ್ಗೆ ನನಗೆ ಬಹಳ ಜಂಬವಿತ್ತು.

ಆ ನಿಶ್ಶಬ್ದದಲ್ಲಿ ಅದು ಸೂರಿಗೆ ಬಡಿದು ವಾಪಸ್ ಬಂತು. ನಮ್ಮ ನೀಲಿ ಅಂಗಿಯವರು ನಿಂತುಬಿಟ್ಟರು. ಗೋಲಿ ಪಕ್ ಮುಚ್ಚಿ ಹಿಡಿದರು, ರೆಫರಿ ವಿಸಿಲ್ ಊದಿದ ಎಂದುಕೊಂಡು ಇಬ್ಬರು ಡಿಫೆಂಡರುಗಳು ಬಗ್ಗಿದ್ದ ಬೆನ್ನು ನೆಟ್ಟಗೆ ಮಾಡಿ, ಸ್ಟಿಕ್ ಕೆಳಗಿಳಿಸಿದರು. ಸವಾದಾ ಸಾನ್ ಮಂಡಿಯೂರಿ ಏಳತೊಡಗಿದರು. ಪಕ್ ಅವರ ಗ್ಲೌಸಿನ ಪಕ್ಕದಲ್ಲೇ ಬಿದ್ದಿತ್ತು. ಎದುರಾಳಿಗಳಲ್ಲಿ ಒಬ್ಬ ಮಾತ್ರ ನಿಂತಿರಲಿಲ್ಲ. ಅವನು ಅದನ್ನು ಹಗುರಾಗಿ, ಕಸ ಗುಡಿಸಿದ ಹಾಗೆ, ಒಳಗೆ ತಳ್ಳಿದ.

ನನ್ನ ಶಿಳ್ಳೆಗೆ ಮಕ್ಕಳು ನಿಲ್ಲುವುದನ್ನು ಎಷ್ಟೋ ಸಲ ನೋಡಿ ಹೆಮ್ಮೆಪಟ್ಟಿದ್ದೇನೆ. ಅಷ್ಟು ಶಿಸ್ತಾಗಿ ನಿಂತವರನ್ನು ಅವತ್ತೇ ನೋಡಿದ್ದು.

ನಮ್ಮ ನಾಯಕ ರೆಫರಿಯ ಹತ್ತಿರ ಹೋಗಿ ಮಾತಾಡಿದರು. ಇಬ್ಬರು ರೆಫರಿಗಳೂ ತಲೆ ಅಲ್ಲಾಡಿಸಿದರು. ಇಬ್ಬರಲ್ಲಿ ಯಾರೂ ವಿಸಿಲ್ ಊದಿರಲಿಲ್ಲ. ಗೋಲು ಗೋಲೇ. ನಾಯಕ ಬಗ್ಗಿ ವಂದಿಸಿ ತನ್ನ ಜಾಗಕ್ಕೆ ಹೋದರು. ನಾನು ಮಾಸ್ಕನ್ನು ಕಣ್ಣಿನವರೆಗೂ ಎಳೆದುಕೊಂಡು ಕೂತೆ. ನೀಲಿ ಟೋಪಿಯ ಯಜಮಾನರಿಗೆ ಎಲ್ಲ ಗೊತ್ತಿತ್ತು, ಅವರ ಕಿವಿಯ ಪಕ್ಕದಲ್ಲೇ ಹೊಡೆದದ್ದು. ಅವರು ನನ್ನ ಕಡೆ ತಿರುಗಲಿಲ್ಲ. ಬಿಗಿಯಾಗಿದ್ದ ಮುಷ್ಟಿ ಬಿಚ್ಚಿ ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡರು.

ಮುರಳಿ ಎರಡು ಡಬ್ಬಿ ಹಿಡಿದು ಬಂದ. “ಅಯ್ಯೋ, ಮೂರು ಎರಡು! ಏನಾಯ್ತೇ?”

“ಗೊತ್ತಾಗಲಿಲ್ಲ” ಅಂದೆ. “ಗೋಲ್ ಆಯ್ತು.”

ಹನ್ನೊಂದು ವರ್ಷದ ಸಂಸಾರದಲ್ಲಿ ಅವನಿಗೆ ನಾನು ಸುಳ್ಳು ಹೇಳಿಲ್ಲ ಎಂದೇನಿಲ್ಲ. ಹೇಳಿದ ಕೂಡಲೇ ವಾಪಸ್ ತೆಗೆದುಕೊಳ್ಳಬೇಕೆನಿಸಿದ ಸುಳ್ಳು ಅದೊಂದೇ. ಉಳಿದ ಹೊತ್ತಿನಲ್ಲಿ ನಮ್ಮವರಿಗೆ ಸಮ ಮಾಡಲಾಗಲಿಲ್ಲ. ಸೂಪು ಕೈಯಲ್ಲೇ ಆರಿತು. ಆಟ ಮುಗಿದಾಗ ತಂಡ ನಮ್ಮ ಸಾಲಿನ ಮುಂದೆ ಬಂದು, ಒಬ್ಬರ ಪಕ್ಕ ಒಬ್ಬರು ನಿಂತು, ಹೆಲ್ಮೆಟ್ ತೆಗೆದು, ಸೊಂಟದಿಂದ ಬಗ್ಗಿ ನಮಗೆ ವಂದಿಸಿತು. ಸುತ್ತಲಿನವರೆಲ್ಲ ಎದ್ದು ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಆ ಚಪ್ಪಾಳೆ ನೆನೆದರೆ ಈಗಲೂ ಅಂಗೈ ಉರಿಯುತ್ತದೆ.

ಲಾಬಿ

ಸವಾದಾ ಸಾನ್ ಅವರಿಗೆಂದು ನಾನು ಚಕ್ಕುಲಿ ಕರಿದು ತಂದಿದ್ದೆ. ಕೊಟ್ಟೇ ಹೋಗೋಣ ಎಂದು ಮುರಳಿ ಹಟ ಹಿಡಿದ. ಲಾಬಿಯಲ್ಲಿ ತಂಡದವರು ದೂರದೂರ ನಿಂತು ದೊಡ್ಡ ವೃತ್ತ ಮಾಡಿದ್ದರು. ಕೂದಲು ಒದ್ದೆ, ಮುಖಕ್ಕೆ ಮಾಸ್ಕು.

“ಹಾನ್ಸೇಕಾಯ್” ಎಂದು ಮುರಳಿ ಪಿಸುಗುಟ್ಟಿದ. “ಪ್ರತಿಯೊಬ್ಬರೂ ತಾವು ಏನು ತಪ್ಪು ಮಾಡಿದೆ ಅಂತ ಹೇಳಬೇಕು. ನಮ್ಮ ಲ್ಯಾಬಲ್ಲೂ ಇದೆ. ಎಕ್ಸ್‌ಪೆರಿಮೆಂಟ್ ಕೆಟ್ಟರೆ ಮಾಡ್ತೀವಿ.”

ನಮ್ಮ ಮನೆಗಳಲ್ಲಿ ಭಾರತ ಸೋತರೆ ಟಾಸಿನದು ತಪ್ಪು, ಪಿಚ್ಚಿನದು ತಪ್ಪು, ಅಂಪೈರಿನದು ತಪ್ಪು, ಕೊನೆಯ ಓವರಿನಲ್ಲಿ ನೀರು ಕುಡಿಯಲು ಸೋಫಾದಿಂದ ಎದ್ದ ಚಿಕ್ಕಪ್ಪನದು ಎಲ್ಲಕ್ಕಿಂತ ದೊಡ್ಡ ತಪ್ಪು. ಇಲ್ಲಿ ಒಬ್ಬೊಬ್ಬರೇ ಮುಂದೆ ಬಂದು ಮಾತಾಡುತ್ತಿದ್ದರು, ಮುರಳಿ ನನ್ನ ಕಿವಿಯಲ್ಲಿ ಕನ್ನಡ ಮಾಡುತ್ತಿದ್ದ. ಮೊದಲ ಡಿಫೆಂಡರ್ ಅಂದರು: ರೆಫರಿ ಕೈ ಎತ್ತಿದ್ದಾರೋ ಇಲ್ಲವೋ ನೋಡದೆ ನಿಂತೆ, ನನ್ನ ಉಪೇಕ್ಷೆ. ಎರಡನೆಯವರು: ಅವನು ನಿಂತ ಎಂದು ನಾನೂ ನಿಂತೆ, ನನ್ನ ದೌರ್ಬಲ್ಯ. ನೀರಿನ ಬಾಟಲಿ ತುಂಬಿಸುವ ವಿದ್ಯಾರ್ಥಿನಿ ಕೂಡ ಏನೋ ಹೇಳಿ ಕಣ್ಣೊರೆಸಿಕೊಂಡರು. ಕೊನೆಗೆ ಸವಾದಾ ಸಾನ್: ಪಕ್ ನನ್ನ ಕೈಕೆಳಗೇ ಇತ್ತು, ನಾನು ಬಿಡದೆ ಮುಚ್ಚಿ ಹಿಡಿಯಬೇಕಿತ್ತು. ಮೂರನೇ ಗೋಲು ನನ್ನದೊಬ್ಬನದೇ ತಪ್ಪು. ನಾಲ್ಕು ವರ್ಷ ನನ್ನನ್ನು ನಂಬಿದಿರಿ, ಕ್ಷಮಿಸಿ.

ಶಿಳ್ಳೆಯ ಮಾತನ್ನು ಯಾರೂ ಎತ್ತಲಿಲ್ಲ. ಇಪ್ಪತ್ತು ಜನರಲ್ಲಿ ಒಬ್ಬರೂ ಎತ್ತಲಿಲ್ಲ.

“ಮುರಳಿ” ಅಂದೆ. “ವಿಸಿಲ್ ಹೊಡೆದದ್ದು ನಾನು ಕಣೋ.”

ಅವನಿಗೆ ಮೊದಲು ಅರ್ಥವಾಗಲಿಲ್ಲ. ನಾನು ಎರಡು ಬೆರಳು ಎತ್ತಿ ತೋರಿಸಿದೆ. ಅವನ ಮುಖದಲ್ಲಿ ಏನಾಯಿತೋ ಮಾಸ್ಕಿನಿಂದ ಕಾಣಲಿಲ್ಲ, ಕಣ್ಣುಗಳು ಮಾತ್ರ ಕಂಡವು.

“ಆಗಲೇ ಕೇಳಿದ್ನಲ್ಲೇ ನಾನು...”

“ಕೇಳಿದೆ. ಸುಳ್ಳು ಹೇಳ್ದೆ. ಈಗ ಹೋಗಿ ಹೇಳು ಇವರಿಗೆ.”

“ಈಗ ಬೇಡ ಜ್ಯೋತಿ. ನಾನು ಇಲ್ಲೇ ಕೆಲಸ ಮಾಡ್ಬೇಕು. ಪ್ಲೀಸ್.”

“ಅವರು ಮಾಡದ ತಪ್ಪನ್ನ ಒಪ್ಕೋತಿದಾರೆ ಕಣೋ! ನೀನು ಹೇಳದಿದ್ರೆ ನಾನೇ ಹೋಗಿ ಇಲ್ಲಿ ಇನ್ನೊಂದು ಸಲ ಹೊಡೆದು ತೋರಿಸ್ತೀನಿ.”

ಅವನು ಹೋದ. ನಾನು ಅವನ ಹಿಂದೆ ನಿಂತೆ. ಅವನು ಎಲ್ಲ ಹೇಳಿದ. ಬೈಯಲಿ, ಏನಾದರೂ ಅನ್ನಲಿ ಎಂದು ತಲೆ ತಗ್ಗಿಸಿ ಕಾದೆ. ನಾಯಕ ಒಂದು ಹೆಜ್ಜೆ ಮುಂದೆ ಬಂದು ಏನೋ ಹೇಳಿದರು. ಆಮೇಲೆ ಇಡೀ ತಂಡ, ಅಷ್ಟೂ ಜನ, ನನಗೆ ಬಗ್ಗಿ ವಂದಿಸಿತು.

“ಏನಂದ್ರು?”

ಮುರಳಿ ಕನ್ನಡ ಮಾಡಿದ. “ರೂಲ್ಸ್ ಚೀಟಿನ ಇಂಗ್ಲಿಷಲ್ಲಿ ಮಾಡಿಸದೇ ಇದ್ದದ್ದು ನಮ್ಮ ತಪ್ಪು. ಅತಿಥಿಗಳಿಗೆ ಮುಜುಗರ ಮಾಡಿಸಿದ್ವಿ, ಕ್ಷಮಿಸಿ. ಅಷ್ಟು ದೂರದಿಂದ ಬಂದೋರಿಗೆ ಸೋಲು ತೋರಿಸಿದ್ದಕ್ಕೂ ಕ್ಷಮಿಸಿ.”

“ಸುಮಿಮಾಸೆನ್”, ಕ್ಷಮಿಸಿ, ಅಂದೆ. ಅವರು “ಸುಮಿಮಾಸೆನ್” ಅಂದರು. ನಾನು ಬಗ್ಗಿದೆ, ಅವರು ಇನ್ನೂ ಕೆಳಗೆ ಬಗ್ಗಿದರು. ನಾನು ಮತ್ತೆ ಬಗ್ಗಿದೆ. ತಪ್ಪು ಯಾರದೆಂಬ ಈ ಪಂದ್ಯವನ್ನೂ ಅವರೇ ಸೋತುಕೊಡುತ್ತಾರೆ ಎಂದು ನನಗೆ ಹೊಳೆದಾಗ ಅಲ್ಲೇ ಕೂತು ಅಳಬೇಕೆನಿಸಿತು. ಸವಾದಾ ಸಾನ್ ಚಕ್ಕುಲಿಯ ಡಬ್ಬಿಯನ್ನು ಎರಡು ಕೈಯಲ್ಲಿ ತೆಗೆದುಕೊಂಡು “ಅರಿಗಾತೋ” ಎಂದು ಥ್ಯಾಂಕ್ಸ್ ಹೇಳಿದರು.

ಲ್ಯಾಬ್, ಬುಧವಾರ

ಸೋಮವಾರ ಮನೆ ಬಿಟ್ಟು ಹೊರಡಲಿಲ್ಲ. ಮಂಗಳವಾರ ಕೊಂಬಿನಿಗೆ ಹಾಲಿಗೆಂದು ಹೋದಾಗ ಕ್ಯಾಷಿನಲ್ಲಿದ್ದಾಕೆ ಬಾಗಿ ವಂದಿಸಿದಳು. ಅವಳಿಗೂ ಗೊತ್ತಾಗಿಬಿಟ್ಟಿದೆ ಅನ್ನಿಸಿ ಚಿಲ್ಲರೆ ಬಿಟ್ಟು ಬಂದೆ. ಅವಳು ಚಿಲ್ಲರೆ ಹಿಡಿದು ರಸ್ತೆಯವರೆಗೆ ಓಡಿಬಂದು, ತಡವಾದದ್ದಕ್ಕೆ ಕ್ಷಮೆ ಕೇಳಿದಳು. ಆ ದೇಶದಲ್ಲಿ ತಪ್ಪು ಮಾಡುವುದು ಸುಲಭ, ಅದನ್ನು ನಮ್ಮದಾಗಿಸಿಕೊಳ್ಳುವುದು ಬಹಳ ಕಷ್ಟ.

“ಇಲ್ಲಿ ಸೀರಿಯಸ್ಸಾಗಿ ಕ್ಷಮೆ ಕೇಳೋಕೆ ಸ್ವೀಟ್ ಬಾಕ್ಸ್ ತಗೊಂಡು ಹೋಗ್ತಾರೆ” ಅಂದ ಮುರಳಿ. ಅವನೇನೂ ನನ್ನ ಮೇಲೆ ರೇಗಿರಲಿಲ್ಲ. ಅವನಿಗೂ ಈ ಊರಿನ ಗಾಳಿ ತಾಗಿದೆ, ಸೂಪು ತರಲು ಎದ್ದುಹೋದದ್ದೇ ತನ್ನ ತಪ್ಪು ಅನ್ನುತ್ತಿದ್ದ. ಎರಡೂವರೆ ವರ್ಷದಲ್ಲಿ ನನ್ನ ಜೊತೆ ಜಗಳವಾಡುವುದನ್ನೇ ಮರೆತ ಗಂಡನನ್ನು ನೋಡಿ ಇನ್ನಷ್ಟು ಸಂಕಟವಾಯಿತು.

ಬುಧವಾರ ಬೆಳಗ್ಗೆ ದೊಡ್ಡ ಅಂಗಡಿಯಿಂದ ಒಳ್ಳೆಯ ಕಾಗದ ಸುತ್ತಿದ ಮಿಠಾಯಿ ಪೆಟ್ಟಿಗೆ ಹಿಡಿದು ಲ್ಯಾಬಿಗೆ ಹೋದೆ. ಸವಾದಾ ಸಾನ್ ಎದ್ದು ನಿಂತು, ಎರಡು ಕೈಯಿಂದ ತೆಗೆದುಕೊಂಡು, ಬಗ್ಗಿ, ನನ್ನೆದುರಿಗೇ ಪೆಟ್ಟಿಗೆ ಬಿಚ್ಚಿ ಒಂದೊಂದು ಮಿಠಾಯಿಯನ್ನು ಎಲ್ಲರ ಮೇಜಿನ ಮೇಲೂ ಇಟ್ಟು ಬಂದರು. ಅಲ್ಲಿ ಅದು ರೂಢಿಯಂತೆ, ತಂದದ್ದು ಎಲ್ಲರಿಗೂ ಸೇರಬೇಕು. ಹತ್ತು ನಿಮಿಷದಲ್ಲಿ ಇಡೀ ಲ್ಯಾಬು ಟೀ ಜೊತೆ ನನ್ನ ಕ್ಷಮೆಯನ್ನು ತಿಂದು, ಬಹಳ ರುಚಿಯಾಗಿದೆ ಎಂದು ನನಗೆ ಹೇಳಿತು.

ಕಾಶಿವಾ ಸ್ಟೇಷನ್ನಿಗೆ ಹೋಗುವ ಬಸ್ಸು

ಹೊರಡುವ ಎರಡು ದಿನ ಮೊದಲು, ಮಧ್ಯಾಹ್ನ, ನನ್ನ ಕ್ಲಾಸಿನ ಮಕ್ಕಳಿಗೆ ಪೆನ್ಸಿಲ್ ಕೊಳ್ಳಲೆಂದು ಕ್ಯಾಂಪಸ್ಸಿನ ಮುಂದೆ ಬಸ್ ಹತ್ತಿದೆ. ಸವಾದಾ ಸಾನ್ ಕಿಟಕಿಯ ಪಕ್ಕ ಕೂತಿದ್ದರು. ಭುಜದ ಮೇಲೆ ಯಾವಾಗಲೂ ಇರುತ್ತಿದ್ದ ಆ ದೊಡ್ಡ ಹಾಕಿ ಚೀಲ ಇರಲಿಲ್ಲ. ಅದಿಲ್ಲದೆ ಅವರು ಸಣ್ಣಗೆ ಕಂಡರು. ಜರುಗಿ ಜಾಗ ಕೊಟ್ಟರು.

ಏನು ಮಾತಾಡುವುದು? ಮಾತಾಡಬಾರದ ಬಸ್ಸು ಬೇರೆ. ನನ್ನ ಗಂಟಲಿಗೆ ಸಾಧ್ಯವಾದಷ್ಟು ಸಣ್ಣ ದನಿಯಲ್ಲಿ, ಇಂಗ್ಲಿಷಿನಲ್ಲಿ ಕೇಳಿದೆ, “ಸವಾದಾ ಸಾನ್, ನನ್ನ ಮೇಲೆ ಸಿಟ್ಟು ಬಂತಾ? ನಿಜ ಹೇಳಿ. ನಾನು ಟೀಚರ್, ಸುಳ್ಳು ಹೇಳಿದರೆ ಗೊತ್ತಾಗುತ್ತೆ.”

ಅವರು ಕಿಟಕಿಯ ಹೊರಗೆ ನೋಡಿದರು. ಒಂದು ಸ್ಟಾಪು ಹೋಯಿತು. ಇನ್ನೊಂದು ಸ್ಟಾಪಿನಲ್ಲಿ ಯಾರೋ ಇಳಿದರು. ಇಲ್ಲ, ಪರವಾಗಿಲ್ಲ ಎಂದು ಈಗ ಹೇಳುತ್ತಾರೆ, ಮತ್ತೆ ಬಗ್ಗುತ್ತಾರೆ ಎಂದು ನಾನು ಸಿದ್ಧಳಾಗಿ ಕೂತಿದ್ದೆ.

“ಯೆಸ್” ಅಂದರು.

ಆಮೇಲೆ ಒಂದೊಂದೇ ಪದ ಹುಡುಕಿ ಇಂಗ್ಲಿಷಿನಲ್ಲಿ ಹೇಳಿದರು. “ಪಕ್ ಮೇಲೆ ನನ್ನ ಕೈ ಇತ್ತು. ವಿಸಿಲ್ ಕೇಳಿಸಿತು. ಮುಗಿಯಿತು ಅಂದುಕೊಂಡೆ. ಕೈ ತೆಗೆದೆ.” ಅಂಗೈ ನೋಡಿಕೊಂಡು, “ದಿನಾ ಯೋಚಿಸುತ್ತೇನೆ. ಕೈ ತೆಗೆಯದಿದ್ದರೆ.”

“ಈಗಲೂ ಸಿಟ್ಟಿದೆಯಾ?”

“ಈಗಲೂ.”

ನನ್ನ ಕಣ್ಣು ತುಂಬಿಬಂತು. ಇಂಗ್ಲಿಷಾಗಲಿ ನಾನು ಕಲಿತಿದ್ದ ನಾಲ್ಕು ಜಪಾನಿ ಪದಗಳಾಗಲಿ ಬಾಯಿಗೆ ಬರಲಿಲ್ಲ. “ತಪ್ಪಾಯ್ತು” ಅಂದೆ, ಕನ್ನಡದಲ್ಲೇ.

ಆ ಪದ ಅವರು ಎಂದೂ ಕೇಳಿರಲಿಕ್ಕಿಲ್ಲ. ಆದರೂ ನನ್ನ ಕಡೆ ತಿರುಗಿ, ಮೊದಲ ಬಾರಿಗೆ ಕಣ್ಣಲ್ಲಿ ಕಣ್ಣಿಟ್ಟು ನೋಡಿ, ಜಪಾನಿಯಲ್ಲಿ ‘ಹೌದು’ ಎಂದರು. ಬಗ್ಗಲಿಲ್ಲ. ತಿರುಗಿ ಕ್ಷಮೆ ಕೇಳಲಿಲ್ಲ. ನನ್ನ ತಪ್ಪನ್ನು ಕೊನೆಗೂ ಒಬ್ಬರು ನನ್ನ ಹತ್ತಿರವೇ ಬಿಟ್ಟರು. ಸ್ಟೇಷನ್ ಬರುವವರೆಗೂ ನಾವಿಬ್ಬರೂ ಅಕ್ಕಪಕ್ಕ ಕೂತಿದ್ದೆವು.